ಹೊಣೆ ಯಾರದು?

ಬೈರಮಂಗಲದ ಕಡೆಯ ವಿದ್ಯಾರ್ಥಿಗಳಿಗೆ ಎರಡು ಬಗೆಯ ದುಡಿಮೆ ಚೆನ್ನಾಗಿ ಪರಿಚಿತವಾದುದು. ಒಂದು, ಹತ್ತಿರದ ಬಿಡದಿಯ ದೊಡ್ಡ ಕಾರ್ಖಾನೆಗಳದು. ಇನ್ನೊಂದು, ರಾಮನಗರ ಮಾಗಡಿಗಳ ರೇಷ್ಮೆ ಕಸುಬಿನದು. ದುಡಿಯುವವನ ಹಕ್ಕಿಗೆ ಹೊಣೆ ಯಾರೆಂದು ಕೇಳಿದರೆ ಇವೆರಡರಿಂದಲೂ ಒಂದೇ ಉತ್ತರ ದೊರೆಯುವುದಿಲ್ಲ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜನ್ಮತಾಳಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳಿಗೆ ಮೀರಿ ಕಾರ್ಖಾನೆಯಲ್ಲಿ ದುಡಿಸಕೂಡದೆಂಬುದೇ ಅದರ ಮೊತ್ತಮೊದಲ ಒಪ್ಪಂದ. ಭಾರತ 1921ರಲ್ಲಿ ಇದನ್ನು ಅಂಗೀಕರಿಸಿತು. ಆದರೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ವಾರಕ್ಕೆ 60 ಗಂಟೆಯೆಂದು ಅದೇ ಒಪ್ಪಂದದಲ್ಲಿ ಬೇರೊಂದು ಅಳತೆಯಿತ್ತು! ನಮ್ಮವರ ಬೆನ್ನೆಲುಬು ಕಬ್ಬಿಣದ್ದೆಂದು ತಿಳಿದಿದ್ದರೋ ಏನೋ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂಥ ಒಪ್ಪಂದಗಳು ಅಂಗೀಕರಿಸಿದ ಸರ್ಕಾರಗಳನ್ನು ಕಟ್ಟುತ್ತವೆಯೇ ಹೊರತು ಕಂಪೆನಿಗಳನ್ನಲ್ಲ. ಸಂಘ ಕಟ್ಟುವ ಹಕ್ಕನ್ನು ಕುರಿತ 1948ರ ಒಪ್ಪಂದವನ್ನೂ, ಸಾಮೂಹಿಕ ಚೌಕಾಸಿಯನ್ನು ಕುರಿತ 1949ರ ಒಪ್ಪಂದವನ್ನೂ ಭಾರತ ಅಂಗೀಕರಿಸಿಯೇ ಇಲ್ಲ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಲಿ ಕೆಲವು ಮಾರ್ಗದರ್ಶಿ ತತ್ತ್ವಗಳನ್ನು ಒಪ್ಪಿತು: ಹಕ್ಕುಗಳನ್ನು ಕಾಪಾಡುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ಕಂಪೆನಿಯ ಹೊಣೆ. ತನಗೆ ಸರಕು ಒದಗಿಸುವವರಲ್ಲಿ ನಡೆಯುವ ಅನ್ಯಾಯವನ್ನೂ ಕಂಪೆನಿ ವಿಚಾರಿಸಬೇಕು. ಮಾತು ಒಳ್ಳೆಯದೇ, ಆದರೆ ಮೀರಿದವರಿಗೆ ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ.

ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯನ್ನು ನೋಡಿ. 2020ರ ನವೆಂಬರಿನಲ್ಲಿ ಅಲ್ಲಿ ಒಬ್ಬ ಕಾರ್ಮಿಕನನ್ನು ಅಮಾನತು ಮಾಡಲಾಯಿತು. ಉಳಿದವರು ಒಳಗೇ ಧರಣಿ ಕುಳಿತರು. ಕೆಲಸದ ಹೊರೆ ಸಹಿಸಲಾಗದಷ್ಟು ಹೆಚ್ಚಿದೆಯೆಂದು ಸಂಘ. ಧರಣಿ ಕಾನೂನುಬಾಹಿರವೆಂದು ಆಡಳಿತವರ್ಗ. 10ನೆಯ ತಾರೀಖು ಬೀಗಮುದ್ರೆಯಾಯಿತು. 17ರಂದು ರಾಜ್ಯ ಸರ್ಕಾರ ಮುಷ್ಕರವನ್ನೂ ಬೀಗಮುದ್ರೆಯನ್ನೂ ಒಟ್ಟಿಗೆ ನಿಷೇಧಿಸಿತು. ಬಾಗಿಲು ತೆರೆಯಿತು, ಕೆಲಸಕ್ಕೆ ಬಂದವರು ಕೆಲವರೇ, 23ರಂದು ಮತ್ತೆ ಮುಚ್ಚಿತು. ಬೀಗಮುದ್ರೆ ತೆರವಾದದ್ದು 2021ರ ಜನವರಿಯಲ್ಲಿ. ನ್ಯಾಯ ಯಾರ ಕಡೆಗಿತ್ತೆಂಬ ಚರ್ಚೆಯನ್ನು ನಾನಿಲ್ಲಿ ಎತ್ತುವುದಿಲ್ಲ. ಅಲ್ಲಿ ಒಂದು ಬಾಗಿಲಿತ್ತು, ಬಾಗಿಲ ಮೇಲೊಂದು ಹೆಸರಿತ್ತು, ಎದುರಿಗೆ ಒಂದು ಸಂಘವಿತ್ತು. ಕೇಳುವುದಕ್ಕೂ ಉತ್ತರಿಸುವುದಕ್ಕೂ ಜನರಿದ್ದರು.

ರೇಷ್ಮೆಯಲ್ಲಿ ಆ ಬಾಗಿಲನ್ನು ಹುಡುಕುವುದೆಲ್ಲಿ? ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯಬೇಕು. ಸತ್ತ ಹುಳುವಿನ ನಾತ, ಹಬೆ, ಇಡೀ ದಿನ ನೀರಿನಲ್ಲಿ ನೆಂದು ಸುಲಿದುಹೋಗುವ ಬೆರಳುಗಳು. ತಂದೆತಾಯಿಗಳು ಪಡೆದ ಮುಂಗಡಕ್ಕೆ ಮಕ್ಕಳು ಇಂಥಲ್ಲಿ ದುಡಿಯುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಒಂದು ವರದಿಯಾಗಿಯೇ ಪ್ರಕಟಿಸಿತು. ಕರ್ನಾಟಕದ ರೇಷ್ಮೆ ಕಸುಬೂ ಅದರಲ್ಲಿ ಸೇರಿತ್ತು. ಬಲವಂತದ ದುಡಿಮೆಯ ವಿರುದ್ಧದ ಒಪ್ಪಂದವನ್ನು ಭಾರತ ಅಂಗೀಕರಿಸಿದ್ದು 1954ರಲ್ಲಿ; ಜೀತಪದ್ಧತಿಯನ್ನು ರದ್ದುಮಾಡುವ ಕಾಯಿದೆ ಬಂದದ್ದು 1976ರಲ್ಲಿ. ಕಾಗದದಲ್ಲಿ ಕೊರತೆಯೇನೂ ಇರಲಿಲ್ಲವಷ್ಟೆ! ದುಡಿಮೆಗೆ ಸೇರುವ ಕನಿಷ್ಠ ವಯಸ್ಸನ್ನು ಕುರಿತ 1973ರ ಒಪ್ಪಂದಕ್ಕಂತೂ ನಮ್ಮ ಅಂಗೀಕಾರ ದೊರೆತದ್ದು 2017ರಲ್ಲಿ.

ಆ ಮಗುವಿನ ವಿಷಯವನ್ನು ಸೀರೆ ಅಂಗಡಿಯವರಲ್ಲಿ ಕೇಳಿದರೆ ನೇಕಾರರನ್ನು ತೋರಿಸುತ್ತಾರೆ. ನೇಕಾರರು ಹುರಿಮಾಡುವವರನ್ನು, ಅವರು ನೂಲು ಬಿಚ್ಚುವವರನ್ನು ತೋರಿಸುತ್ತಾರೆ. ನೂಲು ಬಿಚ್ಚುವವನೂ ಹಲವು ವೇಳೆ ಸಾಲಗಾರನೇ. ಆತ ಮಾರುಕಟ್ಟೆಯಲ್ಲಿ ಆ ದಿನದ ಗೂಡಿನ ಬೆಲೆಯನ್ನು ತೋರಿಸುತ್ತಾನೆ.