ಮನೆ ಕಟ್ಟುವುದೇ, ಜೋಡಿಸುವುದೇ?



ಮನೆಯ ಭಾಗಗಳನ್ನು ಮೊದಲೇ ತಯಾರಿಸಿಟ್ಟುಕೊಂಡು ನಿವೇಶನದಲ್ಲಿ ಜೋಡಿಸುವ ವಿಧಾನಕ್ಕೆ ‘ಪೂರ್ವನಿರ್ಮಿತ’ ಅಥವಾ ಪ್ರಿಫ್ಯಾಬ್ ಎಂದು ಹೆಸರು. ಕೆಲಸ ಬೇಗ ಮುಗಿಯುತ್ತದೆ. ಸಾಮಗ್ರಿ ಪೋಲಾಗುವುದೂ ಕಡಿಮೆ. ಹಾಗಾದರೆ ಇಂಥ ಮನೆಗಳೆಲ್ಲ ಪರಿಸರಸ್ನೇಹಿಯೇ? ಅಲ್ಲ. ದೂರದ ಕಾರ್ಖಾನೆಯಿಂದ ಬರುವ ಭಾರವಾದ ಕಾಂಕ್ರೀಟ್ ಫಲಕ ದಾರಿಯುದ್ದಕ್ಕೂ ಡೀಸೆಲ್ ಸುಡುತ್ತದೆ. ತಗಡಿನ ಛಾವಣಿಯನ್ನು ಒಂದೇ ದಿನದಲ್ಲಿ ಹೊದಿಸಬಹುದು. ಆದರೆ ಬೇಸಿಗೆಯ ಮಧ್ಯಾಹ್ನ ಅದರಡಿ ಕೂರುವುದು ಕಷ್ಟ.

ಬೆಂಗಳೂರಿನ ಆಸುಪಾಸಿನಲ್ಲಿ ನಾಲ್ವರ ಕುಟುಂಬಕ್ಕೆ ಒಂದು ಮನೆಯನ್ನು ಕಾಗದದ ಮೇಲೆ ರೂಪಿಸಿ ನೋಡೋಣ.

ಗೋಡೆ

‘ಅಸ್ತ್ರ ಒಲೆ’ಯ ಹೆಸರು ಕೇಳಿರುವಿರಲ್ಲವೇ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವೇ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನೂ ನಮ್ಮಲ್ಲಿ ಬೆಳೆಸಿತು. ಸ್ಥಳೀಯ ಮಣ್ಣು, ಮರಳು ಮತ್ತು ಶೇಕಡ 7ರಷ್ಟು ಸಿಮೆಂಟನ್ನು ಹದವಾಗಿ ಕಲಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ತೇವದಲ್ಲಿಟ್ಟರೆ ಇಟ್ಟಿಗೆ ಸಿದ್ಧ. ಇದನ್ನು ಗೂಡಿನಲ್ಲಿ ಸುಡಬೇಕಾಗಿಲ್ಲ.

ಒಂದು ವಸ್ತುವಿನ ತಯಾರಿಕೆಗೆ ವ್ಯಯವಾಗುವ ಒಟ್ಟು ಶಕ್ತಿಯನ್ನು ‘ಅಂತರ್ಗತ ಶಕ್ತಿ’ ಎನ್ನುತ್ತಾರೆ. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಘನ ಮೀಟರ್ ಸುಟ್ಟ ಇಟ್ಟಿಗೆ ಗೋಡೆಗೆ 2,141 ಮೆಗಾಜೌಲ್ ಬೇಕು. ಶೇಕಡ 6 ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆಯ ಗೋಡೆಗೆ 646 ಸಾಕು. ಅಂದರೆ ಮೂರನೆಯ ಒಂದು ಪಾಲಿಗಿಂತ ಕಡಿಮೆ!

ಛಾವಣಿ

ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನವೊಂದಿದೆ. ಕಾಂಕ್ರೀಟಿನ ಕಿರುತೊಲೆ ಮತ್ತು ಹಲಗೆಗಳನ್ನು ನೆಲದ ಮೇಲೆ ಎರಕ ಹೊಯ್ದು, ಗಟ್ಟಿಯಾದ ಮೇಲೆ ಎತ್ತಿ ಜೋಡಿಸುತ್ತಾರೆ. ಬಳಿಕ ಮೇಲೆ ತೆಳುವಾಗಿ ಕಾಂಕ್ರೀಟ್ ಹಾಕುತ್ತಾರೆ. ಇಡೀ ಛಾವಣಿಯ ಅಡಿಗೆ ಸೆಂಟ್ರಿಂಗ್ ಹಲಗೆ ಹೊಡೆಯುವ ಅಗತ್ಯವಿಲ್ಲ. ನಿವೇಶನದಲ್ಲೇ ಎರಕ ಹೊಯ್ದರೆ ಸಾಗಣೆಯೂ ಉಳಿಯುತ್ತದೆ.

ಬಿಸಿಲು, ಮಳೆ

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರುವುದರಿಂದ ಉತ್ತರ, ದಕ್ಷಿಣದ ಗೋಡೆಗಳಿಗೆ ಸೂರಿನ ನೆರಳು ಸಿಗುತ್ತದೆ. ಬೆಳಗು, ಸಂಜೆಯ ಓರೆ ಬಿಸಿಲು ಪೂರ್ವ, ಪಶ್ಚಿಮದ ಗೋಡೆಗಳಿಗೆ ನೇರವಾಗಿ ಬಡಿಯುತ್ತದೆ. ಆದ್ದರಿಂದ ಉದ್ದನೆಯ ಗೋಡೆಗಳು, ಕಿಟಕಿಗಳು ಉತ್ತರ–ದಕ್ಷಿಣಕ್ಕಿರಲಿ.

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 60 ಚ.ಮೀ. ಛಾವಣಿ, ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, ಅದರಲ್ಲಿ ಶೇಕಡ 80 ಸಂಗ್ರಹ ಎಂದುಕೊಳ್ಳಿ: 46,560 ಲೀಟರ್ ಆಯಿತು. ತಲಾ 135 ಲೀಟರಿನಂತೆ ನಾಲ್ವರಿಗೆ ಇದು 86 ದಿನದ ನೀರು.

ಊರಿಗೆ ತಕ್ಕ ಮನೆ

ಇದೇ ನಕ್ಷೆ ರಾಯಚೂರಿಗೆ ಹೊಂದೀತೇ? ಅಲ್ಲಿನ ಕಪ್ಪು ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಡಿಪಾಯವೂ ಬದಲಾಗಬೇಕು, ಇಟ್ಟಿಗೆಯ ಮಿಶ್ರಣವೂ ಬದಲಾಗಬೇಕು. ಮಲೆನಾಡಿನ ಜಡಿಮಳೆಗೆ ಇನ್ನೂ ಅಗಲವಾದ ಸೂರು, ಎತ್ತರದ ಪಾಯ ಬೇಕು. ಎಲ್ಲ ಊರಿಗೂ ಒಂದೇ ಅಚ್ಚಿನ ಮನೆ ಸಾಗಿಸಿದರೆ ಅದರ ಬೆಲೆಯನ್ನು ಒಳಗೆ ವಾಸಿಸುವವರು ದಶಕಗಟ್ಟಲೆ ತೆರಬೇಕಾಗುತ್ತದೆ.

ನೀವೇ ಮಾಡಿ ನೋಡಿ

ಗಾಜಿನ ಜಾಡಿಯ ಕಾಲುಭಾಗ ನಿಮ್ಮೂರಿನ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ಗೋಡು, ಎಲ್ಲಕ್ಕಿಂತ ಮೇಲೆ ಜೇಡಿ ನಿಲ್ಲುತ್ತದೆ. ಮೂರು ಪದರಗಳನ್ನೂ ಅಳೆದು ಬರೆದಿಡಿ. ನಿಮ್ಮ ಮನೆಯ ವಿನ್ಯಾಸ ಅಲ್ಲಿಂದಲೇ ಆರಂಭವಾಗಲಿ.