ಪೆನ್‌ಡ್ರೈವ್ ಕೀಳುವ ಮುನ್ನ 'ಇಜೆಕ್ಟ್' ಮಾಡಲೇಬೇಕೇ?

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವಾಗ ಗಮನಿಸಿ: ಕೆಲಸ ಮುಗಿಯುತ್ತಿದ್ದಂತೆ ಅಂಗಡಿಯವರು ಪೆನ್‌ಡ್ರೈವನ್ನು ಸರಕ್ಕನೆ ಕಿತ್ತು ನಮ್ಮ ಕೈಗಿಡುತ್ತಾರೆ. 'ಹಾಗೆ ಕಿತ್ತರೆ ಪೆನ್‌ಡ್ರೈವ್ ಸುಟ್ಟುಹೋಗುತ್ತದೆ' ಎನ್ನುವವರಿದ್ದಾರೆ. 'ಇಷ್ಟು ವರ್ಷ ಹಾಗೇ ಕಿತ್ತಿದ್ದೇವೆ, ಏನೂ ಆಗಿಲ್ಲ' ಎನ್ನುವವರೂ ಇದ್ದಾರೆ. ಯಾರ ಮಾತು ಸರಿ?

ಪೆನ್‌ಡ್ರೈವ್ ಸುಟ್ಟುಹೋಗುತ್ತದೆಯೇ?

ಇಲ್ಲ. ಪೆನ್‌ಡ್ರೈವ್, ಮೌಸ್, ಪ್ರಿಂಟರ್‌ಗಳನ್ನು ಜೋಡಿಸಲು ಬಳಸುವ ಯುಎಸ್‌ಬಿ (ಯೂನಿವರ್ಸಲ್ ಸೀರಿಯಲ್ ಬಸ್) ವ್ಯವಸ್ಥೆಯ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. ಇಂಟೆಲ್ ಸಂಸ್ಥೆಯಲ್ಲಿದ್ದ ಭಾರತೀಯ ಮೂಲದ ಅಜಯ್ ಭಟ್ ಇದನ್ನು ರೂಪಿಸಿದವರಲ್ಲಿ ಪ್ರಮುಖರು. ಕಂಪ್ಯೂಟರ್ ಚಾಲನೆಯಲ್ಲಿರುವಾಗಲೇ ಸಾಧನಗಳನ್ನು ಸಿಕ್ಕಿಸಿ ತೆಗೆಯಲು ಸಾಧ್ಯವಾಗಬೇಕು ಎನ್ನುವುದು ಇದರ ಉದ್ದೇಶಗಳಲ್ಲೊಂದು.

ಹಳೆಯ ಮಾದರಿಯ ಯುಎಸ್‌ಬಿ ಪ್ಲಗ್‌ನೊಳಗೆ ಇಣುಕಿದರೆ ನಾಲ್ಕು ಲೋಹದ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ವಿದ್ಯುತ್ತಿಗೆ, ನಡುವಿನ ಎರಡು ದತ್ತಾಂಶಕ್ಕೆ. ಅಂಚಿನವು ತುಸು ಉದ್ದ. ಹಾಗಾಗಿ ಸಿಕ್ಕಿಸುವಾಗ ಮೊದಲು ವಿದ್ಯುತ್ ಸಂಪರ್ಕವಾಗುತ್ತದೆ, ಕೀಳುವಾಗ ಅದು ಕೊನೆಗೆ ಕಡಿಯುತ್ತದೆ. ಸಾಧನಕ್ಕೆ ವಿದ್ಯುತ್ತಿನಿಂದ ತೊಂದರೆಯಾಗದಂತೆ ಮಾಡಿರುವ ಸರಳ ಉಪಾಯ ಇದು.

ಹಾಗಾದರೆ ಅಪಾಯ ಯಾವುದಕ್ಕೆ?

ಅಪಾಯ ಇರುವುದು ಒಳಗಿನ ಕಡತಗಳಿಗೆ. ವ್ಯಾಪಾರ ಜೋರಾಗಿರುವಾಗ ಅಂಗಡಿಯವರು ಲೆಕ್ಕವನ್ನು ಚೀಟಿಯಲ್ಲಿ ಗೀಚಿಟ್ಟುಕೊಂಡು, ಬಿಡುವಾದಾಗ ಪುಸ್ತಕಕ್ಕೆ ಏರಿಸುವುದುಂಟು. ಕಂಪ್ಯೂಟರ್ ಮಾಡುವುದೂ ಇದನ್ನೇ. ಅದರ ರ್‍ಯಾಮ್ ಬಲು ವೇಗದ್ದು, ಪೆನ್‌ಡ್ರೈವ್ ನಿಧಾನದ್ದು. ಹಾಗಾಗಿ ನಾವು ಕಾಪಿ ಮಾಡಿದ್ದನ್ನು ಮೊದಲು ರ್‍ಯಾಮ್‌ನಲ್ಲಿಟ್ಟುಕೊಂಡು, ಆಮೇಲೆ ಸ್ವಲ್ಪಸ್ವಲ್ಪವಾಗಿ ಪೆನ್‌ಡ್ರೈವಿಗೆ ಬರೆಯುತ್ತದೆ. ಇದೇ 'ರೈಟ್ ಕ್ಯಾಶಿಂಗ್'. ಪರದೆಯಲ್ಲಿ 'ಕಾಪಿ ಮುಗಿಯಿತು' ಎಂದು ಕಂಡರೂ ಕೊನೆಯ ಚೀಟಿ ಇನ್ನೂ ಪುಸ್ತಕ ಸೇರಿರದಿರಬಹುದು!

ಆ ಕ್ಷಣದಲ್ಲಿ ಕಿತ್ತರೆ ಕಡತ ಅಪೂರ್ಣವಾಗುತ್ತದೆ. ಯಾವ ಕಡತ ಎಲ್ಲಿದೆ ಎಂದು ಹೇಳುವ ಪಟ್ಟಿಯೇ ಅರ್ಧಕ್ಕೆ ನಿಂತರೆ ಹಳೆಯ ಕಡತಗಳೂ ಕೈಗೆ ಸಿಗದಂತಾಗಬಹುದು.

ನಾವು 'ಇಜೆಕ್ಟ್' ಒತ್ತಿದಾಗ ಕಂಪ್ಯೂಟರ್ ಬಾಕಿ ಇರುವುದನ್ನೆಲ್ಲ ಬರೆದು ಮುಗಿಸುತ್ತದೆ, ಯಾವುದಾದರೂ ತಂತ್ರಾಂಶ ಆ ಡ್ರೈವನ್ನು ಬಳಸುತ್ತಿದೆಯೇ ಎಂದು ನೋಡುತ್ತದೆ, ಆಮೇಲೆ ಸಂಪರ್ಕ ಬಿಡುತ್ತದೆ.

'ಏನೂ ಆಗಿಲ್ಲ' ಎನ್ನುವವರು ಬಚಾವಾದದ್ದು ಹೇಗೆ?

ಅಂಗಡಿಯಲ್ಲಿ ಪ್ರಿಂಟ್ ತೆಗೆಯುವಾಗ ಕಡತವನ್ನು ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಜೊತೆಗೆ, ವಿಂಡೋಸ್ 10ರ 1809 ಆವೃತ್ತಿಯಿಂದ 'ಕ್ವಿಕ್ ರಿಮೂವಲ್' ಎಂಬ ಆಯ್ಕೆ ತಾನಾಗಿಯೇ ಜಾರಿಯಲ್ಲಿರುತ್ತದೆ. ಬರೆಯುವ ವೇಗ ತುಸು ಕಡಿಮೆಯಾದರೂ ಚೀಟಿಯ ವ್ಯವಹಾರ ಇಲ್ಲ. ಅಲ್ಲಿ ಕಾಪಿ ಪೂರ್ತಿ ಮುಗಿದ ಮೇಲೆ ಕಿತ್ತರೆ ಸಾಮಾನ್ಯವಾಗಿ ತೊಂದರೆಯಾಗದು.

ಆದರೆ ಮ್ಯಾಕ್ ಮತ್ತು ಲಿನಕ್ಸ್ ಕಂಪ್ಯೂಟರುಗಳಲ್ಲಿ, ಕಡತ ತೆರೆದಿರುವಾಗ ಹಾಗೂ ತಿರುಗುವ ತಟ್ಟೆಗಳಿರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬಳಸುವಾಗ ಇಜೆಕ್ಟ್ ಮಾಡಲೇಬೇಕು. ಯಾವ ಕಂಪ್ಯೂಟರಿನಲ್ಲಿ ಯಾವ ಆಯ್ಕೆ ಇದೆಯೆಂದು ನೆನಪಿಡುವುದಕ್ಕಿಂತ ಎಲ್ಲೆಡೆ ಇಜೆಕ್ಟ್ ಮಾಡುವುದೇ ಸುಲಭ.

ಒಂದು ವೇಳೆ ತೊಂದರೆಯಾದರೆ?

'ಡ್ರೈವ್ ಬಳಕೆಯಲ್ಲಿದೆ' ಎಂಬ ಸಂದೇಶ ಬಂದರೆ ತೆರೆದಿರುವ ಕಡತಗಳನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ. ಆಗಲೂ ಬಿಡದಿದ್ದರೆ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ ತೆಗೆಯಿರಿ. ಸ್ಲೀಪ್‌ಗೆ ಹಾಕಿದರೆ ಸಾಲದು.

ಮುಂದಿನ ಬಾರಿ ಸಿಕ್ಕಿಸಿದಾಗ 'ಫಾರ್ಮ್ಯಾಟ್ ಮಾಡಬೇಕೇ?' ಎಂದು ಕೇಳಿದರೆ ಗಾಬರಿಯಿಂದ 'ಯೆಸ್' ಒತ್ತಬೇಡಿ. ಪಟ್ಟಿ ಕೆಟ್ಟಿದ್ದರೂ ಕಡತಗಳು ಒಳಗೇ ಉಳಿದಿರಬಹುದು, ರಿಕವರಿ ತಂತ್ರಾಂಶಗಳಿಂದ ಅವನ್ನು ಮರಳಿ ಪಡೆಯಲು ಸಾಧ್ಯವಿರುತ್ತದೆ. ಅಲ್ಲಿಯವರೆಗೆ ಆ ಪೆನ್‌ಡ್ರೈವಿಗೆ ಹೊಸದೇನನ್ನೂ ಹಾಕಬೇಡಿ.

ಪ್ರಾಜೆಕ್ಟ್ ವರದಿ, ಮದುವೆಯ ಫೋಟೋಗಳಂಥವನ್ನು ಪೆನ್‌ಡ್ರೈವ್ ಒಂದರಲ್ಲೇ ಇಡದೆ ಇನ್ನೊಂದು ಕಡೆಯೂ ಉಳಿಸಿಕೊಳ್ಳಿ. ಸರಿಯಾಗಿ ಇಜೆಕ್ಟ್ ಮಾಡಿದ ಪೆನ್‌ಡ್ರೈವ್ ಕೂಡ ಕಳೆದುಹೋಗಬಹುದಲ್ಲ!