ಸೊಂಟದಲ್ಲಿ ಪಿಸ್ತೂಲು, ಚೇಂಬರ್ ಖಾಲಿ

ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ನಡೆಸುವವರೊಬ್ಬರ ಬಳಿ ಪರವಾನಗಿ ಪಿಸ್ತೂಲು ಇದೆ ಎನ್ನೋಣ. ದರೋಡೆಕೋರನ ಎದುರು ಅದನ್ನು ಎತ್ತುವ ಪ್ರಸಂಗ ಅವರ ಆಯುಷ್ಯದಲ್ಲಿ ಬಹುಶಃ ಬರುವುದೇ ಇಲ್ಲ. ಆದರೆ ಬೆಳಿಗ್ಗೆ ಸೊಂಟಕ್ಕೆ ಸಿಕ್ಕಿಸುವುದು, ಗೇಟಿನಲ್ಲಿ ಒಪ್ಪಿಸುವುದು, ರಾತ್ರಿ ಕಪಾಟಿಗೆ ಸೇರಿಸುವುದು ದಿನವೂ ಇದ್ದದ್ದೇ. ಗುಂಡು ಅಕಸ್ಮಾತ್ ಹಾರುವ ಭಯವೆಲ್ಲ ಈ ಕೈಬದಲಿನಲ್ಲೇ ಇದೆ.

ಆ ಪಿಸ್ತೂಲು ಸಿಂಗಲ್ ಆ್ಯಕ್ಷನ್ ಆಗಿದ್ದರೆ ಅದರ ಟ್ರಿಗರ್ ಮಾಡುವುದು ಒಂದೇ ಕೆಲಸ: ಮೊದಲೇ ಎಳೆದು ನಿಲ್ಲಿಸಿದ ಹ್ಯಾಮರನ್ನು ಬಿಟ್ಟುಬಿಡುವುದು. ಹ್ಯಾಮರ್ ಎಳೆಯುವುದು ಸ್ಲೈಡು. ಅದನ್ನು ಹಿಂದಕ್ಕೆ ಎಳೆದು ಬಿಟ್ಟರೆ ಮ್ಯಾಗಜೀನಿನ ಮೇಲಿನ ಗುಂಡು ಚೇಂಬರಿಗೆ ಹೋಗುತ್ತದೆ, ಹ್ಯಾಮರ್ ಹಿಂದೆ ನಿಲ್ಲುತ್ತದೆ. ಆಮೇಲೆ ಟ್ರಿಗರ್ ಹಗುರ, ಅದರ ಓಟವೂ ಗಿಡ್ಡ. ಡಬಲ್ ಆ್ಯಕ್ಷನ್ ರಿವಾಲ್ವರಿನಲ್ಲಿ ಬೆರಳಿಗೆ ಉದ್ದಕ್ಕೂ ಭಾರ ತಗಲುತ್ತದೆ, ತಪ್ಪು ಮಾಡುತ್ತಿದ್ದೇನೆಂದು ಎಚ್ಚರಗೊಳ್ಳಲು ಅರೆಕ್ಷಣ ಸಿಗುತ್ತದೆ. ಸಿಂಗಲ್ ಆ್ಯಕ್ಷನ್ನಿನಲ್ಲಿ ಆ ಅರೆಕ್ಷಣ ಇಲ್ಲ.

ಜಾನ್ ಬ್ರೌನಿಂಗ್ ರೂಪಿಸಿದ, 1911ರಲ್ಲಿ ಅಮೆರಿಕದ ಸೇನೆಗೆ ಸೇರಿದ ಕೋಲ್ಟ್ ಇದೇ ಜಾತಿಯದು. ಅವನೇ ಆರಂಭಿಸಿ, ಅವನ ನಂತರ ಸೇವ್ ಎಂಬ ವಿನ್ಯಾಸಕ ಪೂರ್ತಿಗೊಳಿಸಿದ 1935ರ ಹೈ-ಪವರ್ ಕೂಡ. ಅದರ ಭಾರತೀಯ ರೂಪವನ್ನು ಇಛಾಪುರದ ರೈಫಲ್ ಫ್ಯಾಕ್ಟರಿ 9 ಎಂ.ಎಂ. ಪಿಸ್ತೂಲಾಗಿ ಸೇನೆಗೆ, ಪೊಲೀಸರಿಗೆ ತಯಾರಿಸಿತು. ಆ ಬೋರು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಪರವಾನಗಿದಾರರ ಮನೆಗಳಲ್ಲಿ ಕಾಣುವುದು ಹೆಚ್ಚಾಗಿ .32. ಹಳೆಯ ಕೋಲ್ಟ್ 1903 ಇದ್ದರೆ ಇನ್ನೂ ಜಾಗ್ರತೆ ಬೇಕು. ಅದರ ಹ್ಯಾಮರ್ ಸ್ಲೈಡಿನೊಳಗೆ ಅಡಗಿರುವುದರಿಂದ ಎಳೆದಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗದು.

ಒಯ್ಯುವ ರೀತಿ ಮುಖ್ಯವಾಗಿ ಮೂರು. ಮೊದಲನೆಯದು, ಚೇಂಬರಿನಲ್ಲಿ ಗುಂಡು, ಹ್ಯಾಮರ್ ಎಳೆದ ಸ್ಥಿತಿ, ಸೇಫ್ಟಿ ಹಾಕಿದ್ದು. ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೆ ತರಬೇತಾದ ಕೈಗೆ ಇದು ಒಪ್ಪಿತ ಪದ್ಧತಿ. ಎರಡನೆಯದು, ಚೇಂಬರಿನಲ್ಲಿ ಗುಂಡಿಟ್ಟು ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸುವುದು. ಶಾಂತವಾಗಿ ಕಾಣುವ ಇದೇ ಅತಿ ಕೆಟ್ಟದ್ದು. ಇಳಿಸಬೇಕಾದರೆ ಟ್ರಿಗರ್ ಒತ್ತಲೇಬೇಕು. ಕರಾವಳಿಯ ಸೆಕೆಗೆ ಬೆವರಿದ ಹೆಬ್ಬೆರಳು ಜಾರಿದರೆ ಮುಗಿಯಿತು. ಫೈರಿಂಗ್ ಪಿನ್ನಿಗೆ ತಡೆ ಇಲ್ಲದ ಹಳೆಯ ಮಾದರಿಗಳು ನಳಿಗೆ ಕೆಳಗಾಗಿ ಬಿದ್ದರೂ ಸಿಡಿಯಬಹುದು. ಮೂರನೆಯದು, ಮ್ಯಾಗಜೀನ್ ತುಂಬಿ ಚೇಂಬರ್ ಖಾಲಿ. ‘ಬೇಕಾದಾಗ ಸ್ಲೈಡ್ ಎಳೆಯಲು ಪುರುಸೊತ್ತು ಎಲ್ಲಿರುತ್ತದೆ?’ ಎಂದು ಕೇಳುವವರಿದ್ದಾರೆ. ತಿಂಗಳುಗಟ್ಟಲೆ ರೇಂಜ್ ಮುಖ ನೋಡದವನಿಗೆ ಆ ಅವಸರದಲ್ಲಿ ಸೇಫ್ಟಿಯೂ ನೆನಪಾಗುವುದಿಲ್ಲ ಎಂಬುದು ನನ್ನ ಉತ್ತರ. ಉದ್ಯಮಿಗೆ ಮೂರನೆಯದೇ ಸರಿ.

ಖಾಲಿ ಮಾಡುವ ಕ್ರಮಕ್ಕೆ ಬರೋಣ, ಎಡವುವುದು ಇಲ್ಲೇ. ನಳಿಗೆ ಮರಳಿನ ಪೆಟ್ಟಿಗೆಯತ್ತ, ಬೆರಳು ಟ್ರಿಗರಿನಿಂದ ಹೊರಗೆ. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್. ಹಿಂದುಮುಂದಾದರೆ ಒಂದು ಗುಂಡು ಹೊರಬೀಳುತ್ತದೆ, ಅದನ್ನು ನೋಡಿ ನಿರಾಳವಾಗುವಷ್ಟರಲ್ಲಿ ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಕೂತಿರುತ್ತದೆ. ಎರಡು ಮೂರು ಸಲ ಎಳೆದ ಮೇಲೂ ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳ ತುದಿಯಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಹೈ-ಪವರ್‌ನಲ್ಲಿ ಒಂದು ತೊಡಕಿದೆ: ಮ್ಯಾಗಜೀನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದು. ಹಾಗಾಗಿ ಹ್ಯಾಮರ್ ಇಳಿಸಲು ಖಾಲಿ ಮ್ಯಾಗಜೀನನ್ನು ಮತ್ತೆ ಸಿಕ್ಕಿಸುತ್ತಾರೆ. ಖಾಲಿಯದರ ಬದಲು ತುಂಬಿದ್ದು ಕೈಗೆ ಬಂದು, ಸ್ಲೈಡೂ ಒಮ್ಮೆ ಆಡಿದರೆ ಸುರಕ್ಷತೆಗೆಂದು ಮಾಡಿದ ವ್ಯವಸ್ಥೆಯೇ ಗುಂಡು ಹಾರಿಸುತ್ತದೆ. ತುಂಬಿದ ಮ್ಯಾಗಜೀನ್ ಆ ಹೊತ್ತಿನಲ್ಲಿ ಜೇಬಿನಲ್ಲಿರಲಿ, ಮೇಜಿನ ಮೇಲೆ ಬೇಡ.

ಹೋಲ್‌ಸ್ಟರ್ ಟ್ರಿಗರ್ ಗಾರ್ಡನ್ನು ಪೂರ್ತಿ ಮುಚ್ಚಬೇಕು, ಗಟ್ಟಿಯಾಗಿರಬೇಕು. ಬೀಗದ ಕೈಗಳ ಜೊತೆ ಕೈಚೀಲಕ್ಕೆ ತುರುಕುವುದು, ಮುಂಡಿನ ಮಡಿಕೆಗೆ ಸಿಕ್ಕಿಸುವುದು ಬೇಡವೇ ಬೇಡ. ಮರಳಿ ಇಡುವಾಗ ನಿಧಾನ, ಕಣ್ಣಿಟ್ಟು. ಮಳೆಗಾಲದಲ್ಲಿ ರೇನ್‌ಕೋಟಿನ ಲಾಡಿ ಟ್ರಿಗರ್ ಗಾರ್ಡಿನೊಳಗೆ ಸೇರಿದರೆ ಬೆರಳಿನ ಕೆಲಸವನ್ನು ಅದೇ ಮಾಡುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳೂ ಸಾರ್ವಜನಿಕ ಸ್ಥಳದಲ್ಲಿ ಆಯುಧ ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು ಎನ್ನುತ್ತವೆ. ಮದುವೆ ದಿಬ್ಬಣದಲ್ಲಿ ಗಾಳಿಗೆ ಹಾರಿಸಿ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಪಣಂಬೂರು ಬಂದರಿನಂಥ ಕಡೆ ಕಾವಲು ಸಿಐಎಸ್‌ಎಫ್‌ನದು. ಅಂಥ ಗೇಟಿಗೆ ಹೋಗುವ ಮೊದಲೇ ಪಿಸ್ತೂಲನ್ನು ಕಚೇರಿಯ ಲಾಕರಿನಲ್ಲಿ ಬಿಟ್ಟು ಬರುವುದು ಜಾಣತನ. ಚುನಾವಣೆ ವೇಳೆ ಠಾಣೆಗೆ ಒಪ್ಪಿಸುವುದಾದರೆ ಮ್ಯಾಗಜೀನ್ ಬೇರೆ, ಗುಂಡು ಬೇರೆ. ಆಯುಧಪೂಜೆಗೂ ಅಷ್ಟೇ: ಖಾಲಿ ಮಾಡಿದ ಮೇಲೆಯೇ ಕುಂಕುಮ, ಆ ಕುಂಕುಮ ಸೇಫ್ಟಿ ಲಿವರಿನ ಸಂದಿಗೆ ಇಳಿಯದಂತೆ.

ಬೈಕಂಪಾಡಿಯ ಉಪ್ಪುಗಾಳಿ ಸ್ಟೀಲಿಗೆ ಶತ್ರು. ಒದ್ದೆ ಚರ್ಮದ ಹೋಲ್‌ಸ್ಟರಿನಲ್ಲಿ ರಾತ್ರಿಯಿಡೀ ಬಿಟ್ಟರೆ ತುಕ್ಕು ಖಂಡಿತ. ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬೇರೆಯಾಗಿ ಇಡಬೇಕು. ಸೇಫ್ಟಿ ಲಿವರ್ ‘ಟಿಕ್’ ಎಂದು ಕೂರದೆ ಸಡಿಲಾಗಿ ಜಾರುತ್ತಿದ್ದರೆ ಆ ಪಿಸ್ತೂಲು ಪರವಾನಗಿ ಇರುವ ರಿಪೇರಿಗಾರರ ಬಳಿಗೆ ಹೋಗಲಿ. ಅಲ್ಲಿಯವರೆಗೆ ಅದಕ್ಕೆ ಗುಂಡು ತುಂಬುವುದು ಬೇಡ.